ಹಳೇ ಕಾರಿನ ಮೀಟರ್ ಬೋರ್ಡ್: ಹೊಸದು ಹಾಕಿಸುವ ಮೊದಲು ಒಮ್ಮೆ ಬಿಚ್ಚಿ ನೋಡಿ

ಸಂಡೂರು, ತೋರಣಗಲ್ಲು ಕಡೆ ಓಡಾಡಿದ ಹಳೇ ಕಾರಿನ ಮೀಟರ್ ಬೋರ್ಡ್ ಬಿಚ್ಚಿದರೆ ಮೊದಲು ಸಿಗುವುದು ಅದಿರಿನ ಕೆಂಪು ಧೂಳು. ಗಾಜು ಮಸುಕು, ರಾತ್ರಿ ದೀಪ ಮಂಕು, ಪೆಟ್ರೋಲ್ ಮುಳ್ಳು ಮನಸ್ಸು ಬಂದ ಕಡೆ. ಹಾಗಂತ ಮೀಟರೇ ಹೋಗಿದೆ ಅಂದುಕೊಳ್ಳಬೇಡಿ. ಬಹಳ ಸಲ ಕೆಟ್ಟಿರುವುದು ಬಲ್ಬು, ಅರ್ಥ್ (ಗಾಡಿಯ ಲೋಹದ ಮೈಗೆ ಸೇರುವ ಮೈನಸ್ ಜೋಡಣೆ) ಅಥವಾ ಹಿಂದಿನ ಕಾಂಟ್ಯಾಕ್ಟ್ ಅಷ್ಟೇ.

ಇದು ಕೇಬಲ್ ಸ್ಪೀಡೋಮೀಟರ್ ಇರುವ ಅಂಬಾಸಿಡರ್, ಹಳೇ ಮಾರುತಿ 800, ಓಮ್ನಿ, ಜೀಪಿನಂಥ ಗಾಡಿಗಳ ಮಾತು. ಏರ್‌ಬ್ಯಾಗ್ ಇರುವ ಕಾರಿಗೆ ಮನೆಯಲ್ಲಿ ಕೈ ಹಾಕುವುದು ಬೇಡ.

ಬೇಸಿಗೆಯಾದರೆ ಬೆಳಿಗ್ಗೆಯೇ ಕೂತುಬಿಡಿ. ಬಳ್ಳಾರಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷ ಕೂರೋಕಾಗಲ್ಲ. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ವೈರುಗಳನ್ನೆಲ್ಲ ಜೋಡಿಸಿದ ಮೇಲೆ ಕೊನೆಗೆ ಜೋಡಿಸುವುದೂ ಅದನ್ನೇ. ಆಮೇಲೆ ಮೀಟರಿನ ಸುತ್ತಲಿನ ಕವರ್, ನಂತರ ಮೀಟರ್ ಹಿಡಿದಿರುವ ಸ್ಕ್ರೂಗಳು. ಬೋರ್ಡನ್ನು ಒಂದೇ ಸಲ ಎಳೆಯಬೇಡಿ. ಹಿಂದೆ ಸ್ಪೀಡೋಮೀಟರ್ ಕೇಬಲ್ ಇರುತ್ತದೆ. ಅದರ ನಟ್ ಅಥವಾ ಕ್ಲಿಪ್ ಬಿಡಿಸಿ, ವೈರಿನ ಕನೆಕ್ಟರುಗಳ ಫೋಟೊ ತೆಗೆದುಕೊಂಡು ಆಮೇಲೆ ಕಳಚಿ. ಬಿಸಿಲು ತಿಂದ ಹಳೇ ಪ್ಲಾಸ್ಟಿಕ್ಕಿನ ಕೊಂಡಿಗಳು ಪಟ್ ಅಂತ ಮುರಿಯುತ್ತವೆ, ಬಲ ಬೇಡ.

ಗಾಜನ್ನು ಒಣ ಬಟ್ಟೆಯಿಂದ ಒರೆಸಲೇಬೇಡಿ. ಅದಿರಿನ ಧೂಳು ಗೀರು ಹಾಕಿಬಿಡುತ್ತದೆ. ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ, ಗಾಜು ಬಿಡಿಯಾಗಿ ಬರುವುದಾದರೆ ಸೋಪು ನೀರಲ್ಲಿ ತೊಳೆಯಿರಿ. ಗಾಜು ಪ್ಲಾಸ್ಟಿಕ್ಕಿನದಾದರೆ ಪೆಟ್ರೋಲ್, ಥಿನ್ನರ್ ಹಚ್ಚಿದಾಗ ಬೆಳ್ಳಗಾಗುತ್ತದೆ. ಮುಳ್ಳುಗಳನ್ನು ಮುಟ್ಟಬೇಡಿ.

ಈಗ ಹಿಂಭಾಗ. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿದ್ದರೆ ಬಲ್ಬ್ ಹೋಲ್ಡರ್ ಕೂರುವ ಜಾಗ ನೋಡಿ. ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಗೆರೆ ತುಂಡಾಗಿದ್ದರೆ ಸಣ್ಣ ತಂತಿ ಇಟ್ಟು ಸಾಲ್ಡರ್ ಮಾಡಬಹುದು, ಆದರೆ ಚಟಕ್ಕನೆ ಮುಗಿಸಿ. ಜಾಸ್ತಿ ಹೊತ್ತು ಕಾಯಿಸಿದರೆ ಹಾಳೆಯೇ ಕರಗುತ್ತದೆ.

ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಜಾಸ್ತಿ ತೋರಿಸುತ್ತಿವೆಯಾ? ಎಂಜಿನ್ ಬಿಸಿಯಾಯಿತು ಅಂತ ಗಾಬರಿ ಬೀಳುವ ಮೊದಲು ವೋಲ್ಟೇಜ್ ಸ್ಟೆಬಿಲೈಸರ್ ನೋಡಿ. ಅಂಬಾಸಿಡರಿನಂಥ ಗಾಡಿಗಳಲ್ಲಿ ಇದು ಗೇಜುಗಳಿಗೆ, ಅಂದರೆ ಈ ಮುಳ್ಳಿನ ಮೀಟರುಗಳಿಗೆ, ಸುಮಾರು 10 ವೋಲ್ಟ್ ಮಾತ್ರ ಕೊಡಬೇಕು. ಅದರ ಅರ್ಥ್ ಸಡಿಲವಾದರೆ ಪೂರ್ತಿ 12 ವೋಲ್ಟ್ ಹರಿದು ಎರಡೂ ಮುಳ್ಳು ಮೇಲೇರುತ್ತವೆ. ಅರ್ಥ್ ಸ್ಕ್ರೂ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಪೆಟ್ರೋಲ್ ಮುಳ್ಳೊಂದೇ ತಪ್ಪುತ್ತಿದ್ದರೆ ಟ್ಯಾಂಕಿನೊಳಗೆ ಪೆಟ್ರೋಲ್ ಮೇಲೆ ತೇಲಿ ಮಟ್ಟ ತಿಳಿಸುವ ಫ್ಲೋಟ್ ಮೇಲೆ ಅನುಮಾನ. ಅದು ಮೆಕ್ಯಾನಿಕ್ ಕೆಲಸ. ಪೆಟ್ರೋಲ್ ಆವಿಯ ಪಕ್ಕ ಕಿಡಿಯ ಆಟ ಬೇಡ.

ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿದ್ದರೆ ಒಳಗಿನ ಕೇಬಲ್ ಎಳೆದು, ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿ. ಮೀಟರ್ ಕಡೆಯ ತುದಿಗೆ ಹಚ್ಚಲೇಬೇಡಿ, ಗ್ರೀಸ್ ಮೀಟರಿನೊಳಕ್ಕೇ ಏರುತ್ತದೆ.

ಎಲ್‌ಇಡಿ ಹಾಕುವ ಆಸೆ ಎಲ್ಲರಿಗೂ. ಮೀಟರಿಗೆ ಬೆಳಕು ಕೊಡುವ ಬಲ್ಬುಗಳ ಜಾಗಕ್ಕೆ ಹಾಕಿ, ತೊಂದರೆಯಿಲ್ಲ. ಹತ್ತದಿದ್ದರೆ ತಿರುಗಿಸಿ ಕೂರಿಸಿ, ಎಲ್‌ಇಡಿಗೆ ಪ್ಲಸ್ ಮೈನಸ್ ಉಂಟು. ಬ್ಯಾಟರಿ ಚಾರ್ಜ್ ದೀಪಕ್ಕೆ ಮಾತ್ರ ಹಳೇ ಬಲ್ಬೇ ಇರಲಿ. ಅನೇಕ ಗಾಡಿಗಳಲ್ಲಿ ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್ ಚಾರ್ಜ್ ಶುರು ಮಾಡಲು ಬೇಕಾದ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ. ಎರಡು ಕಡೆಯ ಇಂಡಿಕೇಟರಿಗೂ ಒಂದೇ ದೀಪವಿದ್ದರೆ ಅದನ್ನೂ ಬಿಟ್ಟುಬಿಡಿ. ಎಲ್‌ಇಡಿ ಒಂದೇ ಕಡೆಗೆ ಮಿನುಗುತ್ತದೆ.

ದುಡ್ಡು ಖರ್ಚು ಮಾಡುವುದಾದರೆ ನನ್ನ ಓಟು ಸಣ್ಣ ಡಿಜಿಟಲ್ ವೋಲ್ಟ್‌ಮೀಟರಿಗೆ. ನಮ್ಮ ಕಡೆಯ ಸೆಕೆಗೆ ಬ್ಯಾಟರಿ ಬೇಗ ಸಾಯುತ್ತದೆ, ಅಲ್ವಾ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ತಂತಿಯಿಂದ, ನಡುವೆ 2 ಆಂಪ್ ಫ್ಯೂಸ್ ಹಾಕಿ ವೋಲ್ಟ್‌ಮೀಟರಿಗೆ ಕನೆಕ್ಷನ್ ಕೊಡಿ. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ತೋರಿಸಿದರೆ ಸರಿ.

ಸ್ಕ್ರೂ ಬಿಗಿ ಮಾಡುವ ಮುಂಚೆ ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿ. ಆಯಿಲ್ ದೀಪ, ಚಾರ್ಜ್ ದೀಪ ಎರಡೂ ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಆಯಿಲ್ ದೀಪ ಆರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ, ಆಯಿಲ್ ಮಟ್ಟ ನೋಡಿ.