ಮೊದಲು ತಿಂಡಿ, ಆಮೇಲೆ ಊರು: ಅವ್ವ, ದೊಡ್ಡವ್ವನ ಜೊತೆ ಬೆಂಗಳೂರು ನೋಡಿದ್ದು

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ನಮ್ಮ ಮನೆಯವರೆಲ್ಲ ಆಗಾಗ ಹೋಗಿ ಬಂದವರೇ. ಆದರೆ ಹೋಗಿದ್ದು ಆಸ್ಪತ್ರೆಗೆ, ಮದುವೆಗೆ, ಇಲ್ಲಾ ಯಾವುದೋ ಕಚೇರಿ ಕೆಲಸಕ್ಕೆ. ಕೆಲಸ ಮುಗಿದ ಕೂಡಲೇ ವಾಪಸ್. ಊರು ನೋಡಬೇಕು, ಚೆನ್ನಾಗಿ ತಿನ್ನಬೇಕು ಅಂತಲೇ ಅವ್ವ ಮತ್ತು ದೊಡ್ಡವ್ವ ಹೊರಟಿದ್ದು ಇದೇ ಮೊದಲು. ಏರ್ಪಾಡೆಲ್ಲ ನನ್ನ ಪಾಲಿಗೆ ಬಂತು.

ನೋಡುವ ಜಾಗಗಳ ಪಟ್ಟಿಯನ್ನು ನಾನು ಮೊದಲು ಮಾಡಲಿಲ್ಲ. ಹೋಟೆಲ್‌ಗಳ ಹೆಸರು ಬರೆದುಕೊಂಡು ಅವುಗಳ ಎದುರಿಗೆ ವಾರದ ರಜೆ ಗುರುತು ಹಾಕಿದೆ. ಬೆಂಗಳೂರಿನ ಹಳೇ ಹೋಟೆಲ್‌ಗಳು ಒಂದೊಂದು ಒಂದೊಂದು ದಿನ ಬಾಗಿಲು ಹಾಕುತ್ತವೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಲಾಲ್‌ಬಾಗಿಗೆ ಯಾವ ದಿನ ಬೇಕಾದರೂ ಹೋಗಬಹುದು. ಅದಕ್ಕೇ ತಿಂಡಿ ಊಟದ ವೇಳೆ ಮೊದಲು ನಿಗದಿ ಮಾಡಿ, ನಡುವಿನ ಹೊತ್ತಿನಲ್ಲಿ ಹತ್ತಿರದ ಜಾಗಗಳನ್ನು ಸೇರಿಸಿದೆ. ಮೂರೂ ತೆರೆದಿರುವ ಶನಿವಾರ ದಕ್ಷಿಣದ ಕಡೆ, ಭಾನುವಾರ ಮಲ್ಲೇಶ್ವರ ಮತ್ತು ಕಬ್ಬನ್ ಪಾರ್ಕ್ ಕಡೆ ಅಂತ ಆಯ್ತು. ಒಂದೇ ದಿನ ಊರಿನ ಈ ತುದಿಯಿಂದ ಆ ತುದಿಗೆ ಓಡುವುದು ಬೇಡವೇ ಬೇಡ. ಟ್ರಾಫಿಕ್‌ನಲ್ಲಿ ಅರ್ಧ ದಿನ ಹೋಗುತ್ತೆ.

ರಾತ್ರಿ ರೈಲು ಬೇಡ ಎಂದೆ. ಹುಬ್ಬಳ್ಳಿ ಕಡೆಯಿಂದ ಬರುವ ರಾತ್ರಿ ರೈಲಿಗೆ ವಯಸ್ಸಾದವರು ನಿದ್ದೆಗೆಟ್ಟು ಸ್ಟೇಷನ್‌ನಲ್ಲಿ ಕಾಯಬೇಕು, ಮಾರನೇ ದಿನವೆಲ್ಲ ತೂಕಡಿಕೆ. ಶುಕ್ರವಾರ ಹಗಲಿನ ರೈಲಿನಲ್ಲೇ ಹೋದೆವು. ಮೆಜೆಸ್ಟಿಕ್‌ವರೆಗೂ ಹೋಗದೆ ಯಶವಂತಪುರದಲ್ಲೇ ಇಳಿದೆವು. ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಾಯಿಸದೆ ಲಾಲ್‌ಬಾಗ್ ತಲುಪಬಹುದು. ಮೆಟ್ರೊ ಸ್ಟೇಷನ್‌ಗಳಲ್ಲಿ ಲಿಫ್ಟ್ ಇರುವುದರಿಂದ ಅವ್ವನ ಮೊಣಕಾಲಿಗೂ ತೊಂದರೆ ಇಲ್ಲ. ರೂಮನ್ನೂ ಲಾಲ್‌ಬಾಗ್ ಹತ್ತಿರವೇ ಮಾಡಿದ್ದೆ. ಮಧ್ಯಾಹ್ನ ಬಂದು ಮಲಗಲು ಅನುಕೂಲ.

ಶನಿವಾರ ಬೆಳಿಗ್ಗೆ ಬೇಗ ವಿದ್ಯಾರ್ಥಿ ಭವನ. ಅದು 1943ರ ಹೋಟೆಲ್. ತಡ ಮಾಡಿದರೆ ಹೊರಗೆ ಜನ ಜಾಸ್ತಿ. ಇಲ್ಲಿ ನಮ್ಮ ಊರಿನವರಿಗೆ ಒಂದು ಮಾತು: ದಾವಣಗೆರೆ ಬೆಣ್ಣೆ ದೋಸೆಯ ಜೊತೆ ಹೋಲಿಸುತ್ತಾ ಕೂರಬೇಡಿ. ನಮ್ಮದು ಮೆತ್ತಗಿನ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ಮೇಲೆ ಬೆಣ್ಣೆ. ಅಲ್ಲಿಯದು ಕೆಂಪಗೆ, ದಪ್ಪಗೆ, ಗರಿಗರಿಯಾಗಿ ಬರುವ ಮಸಾಲೆ ದೋಸೆ. ರುಚಿಯೇ ಬೇರೆ, ಎರಡೂ ಒಳ್ಳೆಯವೇ. ಬೆಂಗಳೂರಿನಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡ್ ಬೇಕಾದಷ್ಟು ಕಾಣುತ್ತವೆ. ಅಲ್ಲಿಗೆ ಹೋಗುವುದಕ್ಕೆ ಇಷ್ಟು ದೂರ ಬರಬೇಕಾ? ನಮ್ಮಲ್ಲಿ ಸಿಗದ್ದನ್ನೇ ತಿನ್ನೋಣ ಎಂದು ಹೊರಡುವ ಮೊದಲೇ ಮಾತಾಡಿಕೊಂಡಿದ್ದೆವು.

ಇನ್ನೊಂದು ಒಪ್ಪಂದವೂ ಇತ್ತು. ತಿಂಡಿ ಏನೇ ತಗೊಂಡರೂ ಹಂಚಿಕೊಂಡು ತಿನ್ನುವುದು. ಊರಲ್ಲಿ ಒಬ್ಬೊಬ್ಬರೇ ಒಂದು ಬೆಣ್ಣೆ ದೋಸೆ, ಒಂದು ಖಾಲಿ ದೋಸೆ ಅಂತ ಮುಗಿಸುವವರಿಗೆ ಇದು ಕಷ್ಟ, ನಿಜ. ಆದರೆ ಬೆಳಿಗ್ಗೆಯೇ ಹೊಟ್ಟೆ ತುಂಬಿದರೆ ಮಧ್ಯಾಹ್ನದ ಊಟಕ್ಕೆ ಜಾಗ ಇರಲ್ಲ.

ಅಲ್ಲಿಂದ ಆಟೊದಲ್ಲಿ ದೊಡ್ಡ ಬಸವಣ್ಣನ ಗುಡಿ, ಪಕ್ಕದಲ್ಲೇ ದೊಡ್ಡ ಗಣಪತಿ. ಒಂದೇ ಕಲ್ಲಿನ ಆ ಬಸವಣ್ಣನ ಮುಂದೆ ಅವ್ವ ತುಂಬಾ ಹೊತ್ತು ಕೈಮುಗಿದು ನಿಂತಿದ್ದರು. ಗುಡಿ ಕಟ್ಟಿಸಿದ್ದು ಕೆಂಪೇಗೌಡರು ಎನ್ನುತ್ತಾರೆ. ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರ ಮಾಡುತ್ತಾರೆ ಎಂದು ಕೇಳಿ ದೊಡ್ಡವ್ವನಿಗೆ ಬಹಳ ಖುಷಿಯಾಯ್ತು. ಗುಡಿಗಳನ್ನು ಬೆಳಿಗ್ಗೆಯೇ ಇಟ್ಟುಕೊಳ್ಳಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ.

ಊಟ ಎಂಟಿಆರ್‌ನಲ್ಲಿ. 1924ರಲ್ಲಿ ಶುರುವಾದ ಹೋಟೆಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ಇಲ್ಲೇ ಎನ್ನುತ್ತಾರೆ. ರವೆ ಇಡ್ಲಿ ಬೆಳಗಿನ ತಿಂಡಿಗೆ, ಮಧ್ಯಾಹ್ನ ಪೂರ್ತಿ ಊಟ. ಹೆಸರು ಬರೆಸಿ ಕಾಯಬೇಕು. ಹಸಿವು ತಡೆಯದವರು ಜೊತೆಗಿದ್ದರೆ ಊಟ ಶುರುವಾಗುವ ಮೊದಲೇ ಹೋಗಿ ಕೂರಿ. ಒಂದೊಂದೇ ಬಡಿಸುತ್ತಾ ಬರುತ್ತಾರೆ, ಅವಸರ ಮಾಡಬಾರದು. ದೊಡ್ಡವ್ವ ಮಾತ್ರ ಮೆಲ್ಲಗೆ, "ಸಾರಿಗೆ ಬೆಲ್ಲ ಹಾಕ್ಯಾರಲ್ಲೇ" ಅಂದರು. ಖಾರ ತಿನ್ನುವ ನಮ್ಮ ನಾಲಿಗೆಗೆ ಬೆಂಗಳೂರಿನ ಸಾರು, ಸಾಂಬಾರು ಸ್ವಲ್ಪ ಸಿಹಿ ಅನ್ನಿಸುವುದು ಸಹಜ.

ಊಟದ ನಂತರ ರೂಮಿಗೆ ಹೋಗಿ ಎಲ್ಲರೂ ನಿದ್ದೆ ಮಾಡಿದೆವು. ಈ ವಿಶ್ರಾಂತಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಬಿಸಿಲು ಇಳಿದ ಮೇಲೆ ಲಾಲ್‌ಬಾಗ್. ಗಾಜಿನ ಮನೆ ನಮ್ಮೂರಲ್ಲೂ ಇದೆ, ಆದರೆ 1889ರಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದನ್ನು ನೋಡುವ ಸಂತೋಷ ಬೇರೆ. ಅದಕ್ಕಿಂತ ನನಗೆ ಹಿಡಿಸಿದ್ದು ಅಲ್ಲಿನ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದಂತೆ. ಅದರ ಮೇಲೆ ಕೆಂಪೇಗೌಡರ ಗೋಪುರ. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಹೋದರೆ ಹೂವೂ ಇರುತ್ತೆ, ವಿಪರೀತ ಜನವೂ ಇರುತ್ತಾರೆ. ಹಿರಿಯರನ್ನು ಕರೆದುಕೊಂಡು ಹೋಗುವವರು ಆ ದಿನಗಳನ್ನು ಬಿಡುವುದೇ ವಾಸಿ.

ರಾತ್ರಿ ಊಟದ ಬದಲು ವಿವಿ ಪುರಂ ತಿಂಡಿ ಬೀದಿ. ಅಲ್ಲಿ ನಿಂತೇ ತಿನ್ನಬೇಕು. ಅವ್ವನಿಗೆ ಅಷ್ಟು ಹೊತ್ತು ನಿಲ್ಲಲು ಆಗಲ್ಲ ಅಂತ ಹೋಳಿಗೆ, ಕಾಂಗ್ರೆಸ್ ಕಡ್ಲೆಬೀಜ ಕಟ್ಟಿಸಿಕೊಂಡು ರೂಮಿಗೆ ಬಂದೆವು.

ಭಾನುವಾರ ಹಗುರ. ಮಲ್ಲೇಶ್ವರದ ಸಿಟಿಆರ್‌ನಲ್ಲಿ ದೋಸೆ, ಸಂಪಿಗೆ ರಸ್ತೆ ಸ್ಟೇಷನ್‌ನಿಂದ ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ವಿಧಾನಸೌಧ. ಹೊರಗಿನಿಂದಲೇ ನೋಡಿ ಕಬ್ಬನ್ ಪಾರ್ಕ್‌ನ ನೆರಳಲ್ಲಿ ಕೂತೆವು. ಮಕ್ಕಳಿದ್ದರೆ ಅಲ್ಲೇ ಹತ್ತಿರದ ವಿಶ್ವೇಶ್ವರಯ್ಯ ಮ್ಯೂಸಿಯಂ ತೋರಿಸಿ.

ಕಡಲೆಕಾಯಿ ಪರಿಷೆಗೆ ಹೋಗಬೇಕು ಅಂತ ಅವ್ವ ಈಗಲೇ ಹೇಳಿದ್ದಾರೆ. ಅದು ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ. ಅವತ್ತು ಎಂಟಿಆರ್‌ಗೆ ರಜೆ. ಹಾಗಾಗಿ ಶನಿವಾರವೇ ಹೊರಟು, ಭಾನುವಾರದ ಊಟ ಅಲ್ಲಿ ಮುಗಿಸುವ ಹಾಗೆ ಟಿಕೆಟ್ ನೋಡುತ್ತಿದ್ದೇನೆ.