ಆರ್ಕೆಸ್ಟ್ರಾಗೆ ಅಂತ ಸ್ಕೂಲ್ ಗೇಟ್ ಕಿತ್ತಿಟ್ಟಿದ್ದು

ನಮ್ಮ ಬಡಾವಣೆ ಗಣೇಶನ ಕಮಿಟೀಲಿ ನಾನು ಆರು ವರ್ಷದಿಂದ ಇದೀನಿ, ಸೇಫ್ಟಿ ಅಂದ್ರೆ ಸ್ಟೇಷನ್ನಿಂದ ಪರ್ಮಿಷನ್ ತರೋದು ಅಷ್ಟೇ ಅನ್ಕೊಂಡಿದ್ವಿ. 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ನೂಕುನುಗ್ಗಲಲ್ಲಿ 11 ಜನ ಸತ್ರಲ್ಲ, ಅದೇ ವರ್ಷ ಆರ್ಕೆಸ್ಟ್ರಾ ಜವಾಬ್ದಾರಿ ನನ್ನ ತಲೆಗೆ ಬಂತು.

ಟೇಪ್ ಹಿಡ್ಕೊಂಡು ಶಾಲೆ ಮೈದಾನಕ್ಕೆ ಹೋದೆ. ಸ್ಟೇಜು, ಸೌಂಡ್ ಬಾಕ್ಸು, ಕಡ್ಲೆಪುರಿ ಗಾಡಿ ಬಿಟ್ರೆ ಜನಕ್ಕೆ ಉಳಿಯೋದು 30 ಮೀಟರ್ ಉದ್ದ, 20 ಅಗಲ. ಚದರ ಮೀಟರಿಗೆ ನಾಲ್ಕು ಜನ ದಾಟಿದ್ರೆ ಕಷ್ಟ ಶುರು, ಆರರ ಹತ್ರ ಹೋದ್ರೆ ನಮ್ಮ ಕಾಲು ನಮ್ಮ ಮಾತೇ ಕೇಳಲ್ಲ. ನಾವು ಚೇರ್ ಹಾಕೋದ್ರಿಂದ ಎರಡರ ಲೆಕ್ಕ ಹಿಡಿದೆ, 1200 ಜನ. ಸರಿ, ಇವರೆಲ್ಲ ಹೊರಗೆ ಹೋಗೋದು ಹೆಂಗೆ? ಮೀಟರ್ ಅಗಲದ ದಾರೀಲಿ ನಿಮಿಷಕ್ಕೆ ಹೆಚ್ಚಂದ್ರೆ 80 ಜನ ದಾಟ್ತಾರೆ, ನಮ್ಮ ಗೇಟಲ್ಲಿ ತೆಗೆಯೋದು ಒಂದೇ ಬಾಗ್ಲು, ಒಂದೂವರೆ ಮೀಟರ್, ಅಂದ್ರೆ 10 ನಿಮಿಷ. ಮಳೆ ಹನಿ ಬಿದ್ರೆ ಯಾರು ಕಾಯ್ತಾರೆ ಹೇಳಿ? ಅದೂ ಒಳಗಡೆಗೆ ತೆಗೆಯೋ ಗೇಟು, ಹಿಂದಿನವರು ನೂಕಿದ್ರೆ ತಾನೇ ಮುಚ್ಕೊಳ್ಳುತ್ತೆ. ಎರಡೂ ಬಾಗ್ಲನ್ನ ಕೀಲಿಂದ ಎತ್ತಿ, ಕಾಂಪೌಂಡಿಗೆ ಒರಗಿಸಿ ಹಗ್ಗ ಕಟ್ಟಿದ್ವಿ. ಹೆಡ್‌ಮಾಸ್ಟ್ರು ಮುಖ ಊದಿಸ್ಕೊಂಡ್ರು, ಬೆಳಗ್ಗೆ ಹಾಕ್ಕೊಡ್ತೀವಿ ಸಾರ್ ಅಂತ ಒಪ್ಸಿದ್ದಾಯ್ತು.

ಸ್ಪಾನ್ಸರ್ ಒಬ್ರು ಮೊದಲು ಬಂದ 500 ಜನಕ್ಕೆ ಸ್ಟೀಲ್ ಡಬ್ಬ ಕೊಡೋಣ ಅಂದ್ರು. ಮೊದಲು ಬಂದವರಿಗೆ ಅಂದ್ರೆ ಗೇಟಲ್ಲೇ ನೂಕಾಟ ಅಲ್ವಾ? ಜಗಳಾನೇ ಆಯ್ತು, ಕೊನೆಗೆ ಡಬ್ಬಾನ ಮನೆಮನೆಗೆ ಹಂಚಿದ್ವಿ.

ನಿಜವಾಗ್ಲೂ ಎದೆ ಝಲ್ ಅಂದಿದ್ದು ಕರೆಂಟ್ ವಿಷ್ಯದಲ್ಲಿ. ಸಾಯಂಕಾಲ ಐದಕ್ಕೆ ಜಿಟಿಜಿಟಿ ಮಳೆ, ನಾನು ಹೋಗಿ ಈಎಲ್‌ಸಿಬಿ (ಕರೆಂಟ್ ಸೋರಿದ್ರೆ ತಾನೇ ಲೈನ್ ಕಟ್ ಮಾಡೋ ಸ್ವಿಚ್ಚು) ಟೆಸ್ಟ್ ಬಟನ್ ಒತ್ತಿದೆ, ಟಕ್ ಅಂತ ಸ್ವಿಚ್ ಬಿತ್ತು, ಆದ್ರೆ ಲೈಟ್ ಒಂದೂ ಆರ್ಲಿಲ್ಲ! ಕೇಳಿದ್ರೆ ಲೈಟಿಂಗ್ ಹುಡುಗ "ಅಣ್ಣಾ, ಪದೇ ಪದೇ ಬೀಳ್ತಿತ್ತು, ಅದಕ್ಕೆ ಅದನ್ನ ಬಿಟ್ಟು ಲೈನ್ ಡೈರೆಕ್ಟ್ ಕೊಟ್ಟೆ" ಅಂದ. ಅಯ್ಯೋ ಮಾರಾಯ, ಬೀಳ್ತಿದೆ ಅಂದ್ರೆ ಎಲ್ಲೋ ಕರೆಂಟ್ ಸೋರ್ತಿದೆ ಅಂತಲ್ವಾ? ಮೇನ್ ಆಫ್ ಮಾಡ್ಸಿ ಹುಡುಕಿದ್ರೆ ಸೀರಿಯಲ್ ಸೆಟ್ಟಿನ ಒಂದು ಜಾಯಿಂಟು, ಟೇಪ್ ಬಿಚ್ಕೊಂಡು ಶಾಮಿಯಾನದ ಕಬ್ಬಿಣದ ಕಂಬಕ್ಕೆ ತಾಗ್ತಿತ್ತು, ಪಕ್ಕದಲ್ಲೇ ಮಕ್ಳು ಆಡ್ತಿದ್ವು. ಅದನ್ನ ಸರಿ ಮಾಡಿ, ಈಎಲ್‌ಸಿಬಿ ವಾಪಸ್ ಲೈನಿಗೆ ಹಾಕ್ಸಿ, ಶುರು ಮಾಡೋದು ಒಂದು ಗಂಟೆ ಲೇಟು, ಜನ ಸೀಟಿ ಹೊಡೆದ್ರು, ಹೊಡೀಲಿ.

ಒಂಬತ್ತೂಕಾಲಿಗೆ ಜೋರು ಮಳೆ, ಕರೆಂಟೇ ತೆಗೆಸಿದೆ, ಅದ್ರ ಜೊತೆ ಮೈಕೂ ಹೋಯ್ತು, ಅದು ನನ್ನ ತಲೆಗೇ ಹೊಳೆದಿರ್ಲಿಲ್ಲ. ತರಕಾರಿ ಗಾಡಿಯವರ ಬ್ಯಾಟರಿ ಮೈಕ್ ಇಸ್ಕೊಂಡು "ನಿಧಾನ, ನಿಧಾನ" ಅಂತ ಕೂಗಿದ್ದೇ ಕೂಗಿದ್ದು. ಆರೇಳು ನಿಮಿಷಕ್ಕೆ ಮೈದಾನ ಖಾಲಿ, ಒಂದಿಷ್ಟು ಒಂಟಿ ಚಪ್ಪಲಿ ಬಿಟ್ರೆ ಏನಿಲ್ಲ.

ಬೆಳಗ್ಗೆ ನಾಲ್ಕು ಜನ ಸೇರಿ ಗೇಟ್ ಎತ್ತಿದ್ರೂ ಒಂದು ಬಾಗ್ಲು ಕೀಲಿಗೆ ಕೂರ್ಲಿಲ್ಲ, ವೆಲ್ಡಿಂಗ್‌ನೋನಿಗೆ 600 ರೂಪಾಯಿ ಕೊಟ್ವಿ, ಖಜಾಂಚಿ ಈಗ್ಲೂ ಅದರ ಬಿಲ್ ಕೇಳ್ತಾನೆ.