ಸಂತ ಜಾರ್ಜ್‌ನ ಹಳೆಯ ಕೆತ್ತನೆ ಚಿತ್ರವನ್ನು ಓದುವುದು ಹೇಗೆ?
ಕಥೆಯಲ್ಲಿ ಡ್ರ್ಯಾಗನ್‌ನಿಂದ ರಾಜಕುಮಾರಿಯನ್ನು ಉಳಿಸುವ ಕ್ರೈಸ್ತ ಸಂತ ಈ ಜಾರ್ಜ್. ಆದರೂ ನಾನು ಮೊದಲು ಡ್ರ್ಯಾಗನ್ ನೋಡುವುದಿಲ್ಲ. ರಾಜಕುಮಾರಿಯನ್ನು ಹುಡುಕುತ್ತೇನೆ. ಅವಳ ಪಕ್ಕ ಕುರಿಮರಿ ಇದೆಯಾ? ಅದು ಸುಮ್ನೆ ಅಲಂಕಾರಕ್ಕೆ ಬಂದದ್ದಲ್ಲ. 13ನೇ ಶತಮಾನದಲ್ಲಿ ಹರಡಿದ ಕಥೆಯಲ್ಲಿ ಸಿಲೀನ್ ಎಂಬ ಊರಿನವರು ಡ್ರ್ಯಾಗನ್‌ಗೆ ದಿನಕ್ಕೆ ಎರಡು ಕುರಿ ಕೊಡುತ್ತಾರೆ. ಕುರಿ ಕಡಿಮೆಯಾದಾಗ ಒಂದು ಕುರಿ, ಒಬ್ಬ ಮನುಷ್ಯ. ಚೀಟಿ ಎತ್ತಿ ಆರಿಸುತ್ತಾರೆ. ಕೊನೆಗೆ ಸರದಿ ರಾಜಕುಮಾರಿಯದು. ಅಂದರೆ ಆ ಮರಿಯೂ ಬಲಿಯೇ, ಅಲ್ವಾ? ಇದು ತಿಳಿದ ದಿನ ನನ್ನ ಕಣ್ಣು ತುಂಬಿತ್ತು.

ಆಮೇಲೆ ಜಾರ್ಜ್‌ನ ಈಟಿ ನೋಡಿ. ಮುರಿದಿದ್ದರೆ ಮೊದಲ ಹೊಡೆತ ಮುಗಿದಿದೆ. ಡ್ರ್ಯಾಗನ್ ಕುತ್ತಿಗೆಗೆ ರಾಜಕುಮಾರಿಯ ಸೊಂಟಪಟ್ಟಿ ಕಟ್ಟಿದ್ದರೆ ಕಥೆ ಇನ್ನೂ ಮುಂದೆ ಹೋಗಿದೆ: ಗಾಯಗೊಂಡ ಪ್ರಾಣಿಯನ್ನು ಊರಿಗೆ ನಡೆಸಿಕೊಂಡು ಹೋಗುವ ಹೊತ್ತು.

ಕತ್ತಿ ಎಡಗೈಯಲ್ಲಿದ್ದರೆ ಅವಸರಪಟ್ಟು ಅರ್ಥ ಹುಡುಕಬೇಡಿ. ತಾಮ್ರದ ತಗಡಿನಲ್ಲಿ ಕೆತ್ತಿದ್ದು ಕಾಗದದ ಮೇಲೆ ಕನ್ನಡಿಯಂತೆ ತಿರುಗಿ ಅಚ್ಚಾಗುತ್ತದೆ.